ನೀರನ್ನು ಕೂರಿಸಿದವರು

ಅವರ ಎಡಗೆನ್ನೆ ಯಾವಾಗಲೂ ಸ್ವಲ್ಪ ಉಬ್ಬಿರುತ್ತಿತ್ತು. ಪಾಪ, ಹಲ್ಲುನೋವಿರಬೇಕು ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ. ಪರೀಕ್ಷೆಯ ಮೇಲ್ವಿಚಾರಣೆಗೆ ನಮ್ಮಿಬ್ಬರನ್ನೂ ಒಂದೇ ಕೋಣೆಗೆ ಹಾಕಿದ ದಿನ ನಿಜ ಗೊತ್ತಾಯಿತು. ವಿದ್ಯಾರ್ಥಿಗಳೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರು. ಹಿಂದಿನ ಗೋಡೆಯ ಕಡೆಯಿಂದ ಕಟಕ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡು, ತಮಗೂ ಆ ಸದ್ದಿಗೂ ಸಂಬಂಧವೇ ಇಲ್ಲವೆಂಬಂತೆ ನಿಂತಿದ್ದರು. ಬಾಯಲ್ಲಿ ಹುರಿದ ಹುಣಸೆಬೀಜ. ಬೆಳಿಗ್ಗೆ ಬಸ್ಸು ಹತ್ತುವಾಗ ಒಂದು ಬೀಜವನ್ನು ಕೆನ್ನೆಗಿಟ್ಟುಕೊಂಡರೆ ಅದು ನೆನೆದು ಹಲ್ಲಿಗೆ ಬಗ್ಗುವವರೆಗೂ ಬಿಡುತ್ತಿರಲಿಲ್ಲ. ಸೆರಗಿನ ಅಂಚಿನಲ್ಲಿ ಆ ಬೀಜದ ಸಿಪ್ಪೆಯ ಕಂದು ಕಲೆ ಎಷ್ಟು ಒಗೆದರೂ ಉಳಿದುಕೊಂಡಿರುತ್ತಿತ್ತು.

ನಂಜನಗೂಡಿನ ಆ ಕಾಲೇಜಿಗೆ ನಾನು ಕನ್ನಡ ಅಧ್ಯಾಪಕನಾಗಿ ಸೇರಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅವರು ಆಗಲೇ ಅಲ್ಲಿ ಹಳಬರು. ಎಲ್ಲರಿಗೂ ಕೆಮಿಸ್ಟ್ರಿ ಮೇಡಂ. ಹುಟ್ಟಿದ್ದು ಹೆಮ್ಮಿಗೆಯ ಕಡೆ ಕಂಬಳಿ ನೇಯುವ ಮನೆಯಲ್ಲಿ. ಇದ್ದದ್ದು ತಿ. ನರಸೀಪುರದಲ್ಲಿ, ತಮ್ಮನ ಮನೆಗೆ ಅಂಟಿಕೊಂಡಂತಿದ್ದ ಪುಟ್ಟ ಮನೆಯೊಂದರಲ್ಲಿ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಮೇಡಂ ಎಂದು ಯಾರಾದರೂ ಕೆದಕಿದರೆ ‘ಟೈಮಾಗ್ನಿಲ್ಲ’ ಎನ್ನುತ್ತಿದ್ದರು, ಬಸ್ಸು ತಪ್ಪಿಹೋದುದನ್ನು ಹೇಳುವ ಹಾಗೆ.

ಸ್ಟಾಫ್ ರೂಮಿನಲ್ಲಿ ನಮ್ಮ ಮೇಜುಗಳು ಎದುರುಬದುರು. ಒಂದು ದಿನ ಬೆಳಿಗ್ಗೆ ತಮ್ಮ ಊಟದ ಡಬ್ಬಿಯ ಮುಚ್ಚಳಕ್ಕೆ ನೀರು ಸುರಿದು, ಅದರಲ್ಲಿ ಕಂದು ಬಣ್ಣದ ಒಣ ಚೂರೊಂದನ್ನು ಹಾಕಿಟ್ಟು ಪಾಠಕ್ಕೆ ಹೋದರು. ಮುರಿದ ಹಪ್ಪಳದ ತುಂಡಿನಷ್ಟಿತ್ತು ಅದು. ನಾನು ಎರಡು ಪೀರಿಯಡ್ ಮುಗಿಸಿ ಬಂದು ನೋಡುತ್ತೇನೆ, ಮುಚ್ಚಳದಲ್ಲಿ ನೀರೇ ಇಲ್ಲ. ಆ ಚೂರಿದ್ದ ಜಾಗದಲ್ಲಿ ಅಂಗೈಯಗಲದ ಒಂದು ಮುದ್ದೆ ಕುಳಿತಿದೆ. ತಾಟಿನಿಂಗಿನ ತಿರುಳಿನಂತೆ ಬೆಳಕನ್ನು ಒಳಗೆ ಬಿಟ್ಟುಕೊಂಡು ಹೊಳೆಯುತ್ತಿದೆ. ಮೇಡಂ ಬಂದವರೇ ಅದನ್ನೆತ್ತಿ ನನ್ನ ಕೈಗಿಟ್ಟರು. ತಣ್ಣಗೆ, ಭಾರವಾಗಿ, ನಡುಗುತ್ತ ಕುಳಿತಿತು. ಹಿಂಡಿದೆ. ಒಂದು ಹನಿಯೂ ಬೀಳಲಿಲ್ಲ. ನೀರೆಲ್ಲಿ ಹೋಯಿತು ಎಂದು ಕೇಳಿದೆ.

‘ಎಲ್ಲೂ ಓಗಿಲ್ಲ ಮೇಷ್ಟ್ರೇ. ನಿಮ್ಮ ಕೈಲಿರೋದು ಹೆಚ್ಚುಕಮ್ಮಿ ನೀರೇ. ಓಡಾಡೋದು ಬಿಟ್ಟು ಕೂತ್ಕೊಂಡದೆ, ಅಷ್ಟೆ.’

ನಾನು ಕೈಯಲ್ಲಿದ್ದುದನ್ನು ನೋಡಿದೆ. ಕಪಿಲಾ ನದಿಯ ನೀರು. ಅದು ಹರಿಯುವುದನ್ನು, ಉಕ್ಕುವುದನ್ನು, ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣಕಲಾಗುವುದನ್ನು ಬಲ್ಲೆ. ಅದನ್ನು ಹೀಗೆ ಹಿಡಿದೆತ್ತಬಹುದೆಂದು ಗೊತ್ತಿರಲಿಲ್ಲ. ಊಟದ ಗಂಟೆ ಹೊಡೆದರೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಹೇಗೆ ಎಂಬುದನ್ನು ಅವರು ನನಗೆ ಅರ್ಥವಾಗುವ ಹಾಗೆ ಹೇಳಿದರು. ಕಂಬಳಿಗೆ ಬಿಗಿ ಬರಲೆಂದು ಅವರ ಮನೆಯಲ್ಲಿ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಜಿ ಕಾಯಿಸಿ ಹಚ್ಚುತ್ತಿದ್ದರು. ಕಾಲೇಜಿನಲ್ಲಿ ಕಲಿಸಲು ಶುರುಮಾಡಿದ ಮೇಲೆ ಆ ಗಂಜಿ ಅವರನ್ನು ಕಾಡತೊಡಗಿತು. ಅದರೊಳಗಿರುವುದು ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳು. ಆ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿದರೆ ಬಲೆಯಾಗುತ್ತದೆ. ನಿಂಬೆಹಣ್ಣಿನಲ್ಲಿರುವ ಹುಳಿಯನ್ನೇ ಬೆರೆಸಿ ಒಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಗಂಟು ಬೀಳುತ್ತದೆ. ಬಲೆಯ ಕಣ್ಣುಗಳಲ್ಲಿ ನೀರು ಬಂದು ಕೂರುತ್ತದೆ. ಆದರೆ ಬರೀ ಬಲೆಗೆ ಶಕ್ತಿಯಿಲ್ಲ. ನೀರು ಕುಡಿದು ಉಬ್ಬಿದ ಮೇಲೆ ಬೆರಳು ತಾಗಿದರೂ ಒಡೆಯುತ್ತದೆ. ಅದಕ್ಕೆ ಬಾಳೆದಿಂಡಿನ ನಾರನ್ನು ಕುಟ್ಟಿ ನಯ ಮಾಡಿ ಸೇರಿಸಬೇಕು, ಜೊತೆಗೆ ಕೆರೆಯ ನುಣುಪಾದ ಜೇಡಿಮಣ್ಣು. ಮಣ್ಣಿನ ಗೋಡೆಗೆ ಹುಲ್ಲು ಕಲಸಿದ ಹಾಗೆ. ನಂಜನಗೂಡಿನಲ್ಲಿ ಬಾಳೆಗೊನೆ ಕಡಿದ ಮೇಲೆ ದಿಂಡುಗಳು ತೋಟದಲ್ಲೇ ಕೊಳೆಯುತ್ತಿದ್ದವು. ಮೇಡಂ ಬಸ್ಸಿನ ಸೀಟಿನ ಕೆಳಗೆ ಅವನ್ನು ತುಂಬಿಕೊಂಡು ಹೋಗುವುದಕ್ಕೆ ಕಂಡಕ್ಟರುಗಳು ಮೊದಲು ಬೈದರು, ಆಮೇಲೆ ತಾವೇ ಕೈಹಾಕಿ ಎತ್ತಿಡುತ್ತಿದ್ದರು.

ಇದರಿಂದ ಏನು ಉಪಯೋಗ ಎಂದು ನಾನು ಕೇಳಿದ್ದಕ್ಕೆ ಅವರು ನನ್ನನ್ನು ಒಂದು ಭಾನುವಾರ ತಲಕಾಡಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಚಿಕ್ಕಮ್ಮನ ಜಮೀನು ಮರಳಿನ ದಿಬ್ಬದ ಮಗ್ಗುಲಲ್ಲಿತ್ತು. ಗಾಳಿ ಬಂದರೆ ಮರಳು ಬದುವಿಗೆ ಏರುತ್ತಿತ್ತು. ತಡೆಗೆಂದು ಹೊಂಗೆ ನೆಟ್ಟರೆ ಒಂದೂ ಬೇಸಿಗೆ ದಾಟುತ್ತಿರಲಿಲ್ಲ, ಸುರಿದ ನೀರು ನಿಲ್ಲದೆ ಇಳಿದುಹೋಗುತ್ತಿತ್ತು. ಮೇಡಂ ಹಿಂದಿನ ಮಳೆಗಾಲದಲ್ಲಿ ಎರಡು ಸಾಲು ಸಸಿ ನೆಡಿಸಿದ್ದರು. ಒಂದು ಸಾಲಿನ ಗುಂಡಿಗಳಲ್ಲಿ ತಮ್ಮ ಒಣಚೂರುಗಳನ್ನು ಹಾಕಿಸಿದ್ದರು, ಇನ್ನೊಂದರಲ್ಲಿ ಇಲ್ಲ. ಎರಡಕ್ಕೂ ಹೊಳೆಯ ನೀರು, ಒಂದೇ ಅಳತೆ. ನಾವು ಹೋದದ್ದು ಕಡು ಬೇಸಿಗೆಯಲ್ಲಿ. ಒಂದು ಸಾಲಿನಲ್ಲಿ ಕಡ್ಡಿಗಳು ನಿಂತಿದ್ದವು. ಇನ್ನೊಂದರಲ್ಲಿ ಎಲೆಗಳಿದ್ದವು.

ಅವರು ಚಪ್ಪಲಿ ಕಳಚಿಟ್ಟು ಮಂಡಿಯೂರಿ ಒಂದು ಗಿಡದ ಬುಡವನ್ನು ಕೈಯಿಂದಲೇ ತೋಡಿದರು. ಮೇಲಿನ ಮರಳು ಮುಟ್ಟಲಾರದಷ್ಟು ಕಾದಿತ್ತು. ಮೊಣಕೈವರೆಗೆ ಇಳಿದ ಮೇಲೆ ನನ್ನ ಕೈಯನ್ನೂ ಒಳಗೆ ಬಿಡಲು ಹೇಳಿದರು. ಬಿಟ್ಟೆ. ಒಳಗೆ ತಣ್ಣಗಿತ್ತು. ಬೇರಿನ ಎಳೆಗಳು ಮಗುವಿನ ಬೆರಳುಗಳ ಹಾಗೆ ಆ ಮೆತ್ತನೆಯ ಮುದ್ದೆಯನ್ನು ಹಿಡಿದುಕೊಂಡಿದ್ದವು, ಒಳಗೆಲ್ಲ ತೂರಿಕೊಂಡಿದ್ದವು. ಸುತ್ತ ಅಷ್ಟು ದೂರ ಸುಡುವ ಮರಳು, ನಡುವೆ ಒಂದು ಹಿಡಿ ತಂಪು. ನಾನು ಬಹಳ ಹೊತ್ತು ಕೈ ಹೊರಗೆ ತೆಗೆಯಲಿಲ್ಲ. ಮುಂದಿನ ವರ್ಷ ಅದೇ ಜಾಗ ತೋಡಿದಾಗ ಬೇರುಗಳಿದ್ದವು, ಮುದ್ದೆ ಇರಲಿಲ್ಲ. ‘ಮಣ್ಣಲ್ಲಿರೋ ಕ್ರಿಮಿಗಳು ಉಂಡುಬುಟ್ಟವೆ’ ಎಂದರು. ಪೇಟೆಯಲ್ಲಿ ಸಿಗುವ ಇಂಥದೇ ಪುಡಿಗಳು ಎಷ್ಟೋ ವರ್ಷ ನೆಲದಲ್ಲೇ ಉಳಿಯುತ್ತವೆಯಂತೆ. ಇದು ಉಳಿಯಬಾರದು ಎನ್ನುವುದೇ ಅವರ ಹಟ. ಗಿಡ ತನ್ನ ಕಾಲ ಮೇಲೆ ನಿಲ್ಲುವವರೆಗೆ ಇದ್ದರೆ ಸಾಕು.

ಸುದ್ದಿ ಹರಡಿ ಹೆಮ್ಮಿಗೆಯ ಅವರ ಸಂಬಂಧಿಕರೊಬ್ಬರು ತೆಂಗಿನ ಸಸಿಗಳಿಗೆಂದು ಚೀಲದ ತುಂಬ ಚೂರು ತೆಗೆದುಕೊಂಡು ಹೋದರು. ತಿಂಗಳಾದ ಮೇಲೆ ಕಾಲೇಜಿಗೇ ಬಂದು ಎಲ್ಲರೆದುರು ಹೇಳಿದರು: ‘ನಿನ್ ಔಸ್ದಿ ನೀರೇ ಕುಡೀಲಿಲ್ಲ ಕಣವ್ವ. ಆಕಿದ್ದು ಆಕ್ದಂಗೇ ಬಿದ್ದದೆ.’ ಮೇಡಂ ವಾದ ಮಾಡಲಿಲ್ಲ. ಅಂದೇ ಅವರ ಜೊತೆ ಹೋಗಿ ಬೋರಿನ ನೀರು ತಂದು ಪರೀಕ್ಷೆ ಮಾಡಿದರು. ನೀರು ಗಡುಸು, ಉಪ್ಪುಪ್ಪು. ಉಪ್ಪು ಸೇರಿದರೆ ಆ ಬಲೆ ಹಿಗ್ಗುವುದಿಲ್ಲ, ಮುದುಡಿಕೊಂಡುಬಿಡುತ್ತದೆ. ಮೇಡಂ ಅದುವರೆಗೆ ಪರೀಕ್ಷೆ ಮಾಡಿದ್ದೆಲ್ಲ ಹೊಳೆಯ ಸಿಹಿನೀರಿನಲ್ಲಿ. ಮತ್ತೆ ಹೆಮ್ಮಿಗೆಗೆ ಹೋಗಿ ಆ ರೈತರಿಗೆ, ತಪ್ಪು ನನ್ನದೇ, ನಿಮ್ಮ ಬೋರಿನ ನೀರು ಎಂಥದೆಂದು ಕೇಳದೆ ಕೊಟ್ಟೆ ಎಂದು ಹೇಳಿ ಬಂದರು. ಆಮೇಲೆ ಅದೇ ಬೋರಿನ ನೀರಿನ ಕ್ಯಾನು ಪ್ರಯೋಗಾಲಯದ ಕಿಟಕಿಯ ಮೇಲೆ ಖಾಯಮ್ಮಾಗಿ ಬಂದು ಕುಳಿತಿತು. ಅದನ್ನು ಕುಡಿಯುವಂಥ ಬಲೆ ಹೆಣೆಯಲು ಅವರಿಗೆ ಎರಡು ವರ್ಷಕ್ಕೂ ಮೇಲೆ ಹಿಡಿಯಿತು.

ಆ ಹೊತ್ತಿಗೆ ನನ್ನ ಮನೆಯಲ್ಲಿ ಒಂದು ಅನಾಹುತವಾಯಿತು. ಮಗಳಿಗೆ ಆಗ ಆರು ವರ್ಷ. ಬಚ್ಚಲಿಗೆ ಒಯ್ಯುತ್ತಿದ್ದ ಕುದಿಯುವ ನೀರಿನ ಬಕೆಟ್ಟಿಗೆ ಓಡಿಬಂದು ಡಿಕ್ಕಿ ಹೊಡೆದಳು. ಬಲಗೈ ಮೊಣಕೈಯಿಂದ ಬೆರಳಿನವರೆಗೆ ಬೆಂದುಹೋಯಿತು. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನೋಡಿಕೊಂಡರು. ಆದರೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಬದಲಾಯಿಸಬೇಕು. ಗಾಯದ ಮೇಲಿನ ಹತ್ತಿಬಟ್ಟೆ ಒಣಗಿ ಅಂಟಿಕೊಂಡಿರುತ್ತಿತ್ತು. ಅದನ್ನು ಬಿಡಿಸುವಾಗ ಹೊಸದಾಗಿ ಬರುತ್ತಿದ್ದ ತೆಳ್ಳನೆಯ ಚರ್ಮವೂ ಅದರ ಜೊತೆಗೇ ಕಿತ್ತುಬರುತ್ತಿತ್ತು. ಮಗುವಿನ ಕೂಗು ಬೀದಿಗೆ ಕೇಳುತ್ತಿತ್ತು. ನನ್ನ ಹೆಂಡತಿ ಆ ಕೋಣೆಯಲ್ಲಿ ನಿಲ್ಲಲಾರದೆ ಗೇಟಿನ ಹತ್ತಿರ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಮೂರನೆಯ ಸಲವಾದ ಮೇಲೆ ನಾನು ಮೇಡಂ ಹತ್ತಿರ ಹೋದೆ. ನಿಮ್ಮ ಆ ತಣ್ಣನೆಯದನ್ನು ಮಗುವಿನ ಕೈಮೇಲೆ ಹಾಕಿ, ಅದು ಅಂಟುವುದಿಲ್ಲವಲ್ಲ ಎಂದು ಬೇಡಿಕೊಂಡೆ. ಅವರು ಕೆನ್ನೆಯ ಬೀಜವನ್ನು ಕಾಗದಕ್ಕೆ ಉಗುಳಿ, ಮಡಿಸಿ ಮೇಜಿನ ಮೇಲಿಟ್ಟರು.

‘ಕೊಡಲ್ಲ ಮೇಷ್ಟ್ರೇ’ ಎಂದರು. ‘ಮಣ್ಣಿಗೆ ಅದು ಏನ್ಮಾಡ್ತದೆ ಅಂತ ನಂಗೊತ್ತು. ಮಗೀಗೆ ಏನ್ಮಾಡ್ತದೆ ಅಂತ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಮಗೀನ ಹಸಿಮೈ ಮೇಲೆ ಹೆಂಗಿಡ್ಲಿ?’

ಅದರಲ್ಲಿರುವ ಜೇಡಿಮಣ್ಣು ಕೆರೆಯದು, ನಾರು ತೋಟದ್ದು, ಕ್ರಿಮಿಗಳು ಅದನ್ನು ತಿಂದೇ ಬದುಕುತ್ತವೆ. ಗಿಡಕ್ಕೆ ಅದೇ ಒಳ್ಳೆಯದು, ಗಾಯಕ್ಕೆ ಅದೇ ವಿಷವಾಗಬಹುದು ಎಂದು ವಿವರಿಸಿದರು. ನಾನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳಿಗೆ ಅದು ಕಲ್ಲುಮನಸ್ಸೆಂದೇ ಕಂಡಿತು.

ಆದರೆ ಮುಂದಿನ ಡ್ರೆಸ್ಸಿಂಗ್ ದಿನ ನಾವು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೇಡಂ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಡಾಕ್ಟರ ಒಪ್ಪಿಗೆ ಕೇಳಿ ಪಡೆದಿದ್ದರು. ಆಸ್ಪತ್ರೆಯ ಲವಣದ ನೀರನ್ನೇ ಬಟ್ಟೆಯ ಮೇಲೆ ಹನಿಹನಿಯಾಗಿ ಬಿಡುತ್ತ, ಅದು ತಾನಾಗಿ ಸಡಿಲವಾಗುವವರೆಗೆ ಕಾದರು. ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ನರ್ಸುಗಳಿಗೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು? ಮಗುವಿಗೆ ಅವರು ಕಥೆ ಹೇಳಲಿಲ್ಲ, ಚಾಕಲೇಟಿನ ಆಸೆ ತೋರಿಸಲಿಲ್ಲ. ‘ಈಗ ನೋಯ್ತದೆ ಕಣಮ್ಮಿ’ ಎಂದರೆ ನೋಯುತ್ತಿತ್ತು. ‘ಈಗ ನೋಯಲ್ಲ’ ಎಂದರೆ ನೋಯುತ್ತಿರಲಿಲ್ಲ. ಒಂದು ಸಲವೂ ಅವಳಿಗೆ ಸುಳ್ಳು ಹೇಳಲಿಲ್ಲ. ನಾಲ್ಕಾರು ಸಲ ಕಳೆಯುವಷ್ಟರಲ್ಲಿ ಮಗಳು ಅವರ ಮುಖವನ್ನೇ ನೋಡುತ್ತ ಕೈಚಾಚಿ ಕೂರುವುದನ್ನು ಕಲಿತಳು. ಆಗ ನನ್ನ ಹೆಂಡತಿಯೂ ಗೇಟಿನಿಂದ ಒಳಗೆ ಬಂದಳು.

ಗಾಯ ಮಾಗಿದ ದಿನ ಬಸ್‌ಸ್ಟ್ಯಾಂಡಿಗೆ ಅವರನ್ನು ಬಿಡಲು ಹೋದೆ. ಬಸ್ಸು ಬಂದು ನಿಂತರೂ ಹತ್ತಲಿಲ್ಲ. ‘ಗಾಯ ಒಣಗ್ಬೇಕು ಅಂತಲ್ವಾ ನಾವೆಲ್ಲ ಅನ್ಕೊಂಡಿರೋದು?’ ಎಂದು ತಮಗೇ ಹೇಳಿಕೊಂಡರು. ‘ಒಣಗೋದ್ರಿಂದ್ಲೇ ಅಂಟೋದು. ಒದ್ದೆಯಾಗೇ ಮಡಗಿದ್ರೆ?’ ಆ ಬಸ್ಸು ಹೋಯಿತು. ಇನ್ನೊಂದಕ್ಕೆ ಕಾದೆವು.

ನಲವತ್ತು ದಾಟಿದ ಮೇಲೆ ಅವರು ಮೈಸೂರಿನಲ್ಲಿ ಸಂಶೋಧನೆಗೆ ಸೇರಿದರು. ಮುಂದಿನ ವರ್ಷಗಳಲ್ಲಿ ನಾನು ಕಂಡದ್ದು ಒಂದಾದ ಮೇಲೊಂದು ಸೋಲು. ಜೇಡಿಮಣ್ಣನ್ನು ಕೈಬಿಟ್ಟರು. ಬಾಳೆನಾರನ್ನು ಮತ್ತೆ ಮತ್ತೆ ತೊಳೆದು, ಬಿಳಿ ಮಾಡಿ, ಹತ್ತಿಯ ಧೂಳಿಗಿಂತ ಸಣ್ಣದಾಗಿಸಿದರು. ಗಾಯಕ್ಕೆ ಹೊದಿಸಲೆಂದು ಅದನ್ನು ಅಂಟಿಗೆ ಬೆರೆಸಿ ಮಾಡಿದ ಹಾಳೆ ಹಪ್ಪಳದಷ್ಟು ತೆಳ್ಳಗೆ ಬಂತು, ಆದರೆ ಕ್ರಿಮಿಗಳನ್ನು ಕೊಲ್ಲಲೆಂದು ಹಬೆಯಲ್ಲಿಟ್ಟರೆ ಕರಗಿ ಗಂಜಿಯಾಯಿತು. ಗಂಟುಗಳನ್ನು ಬಿಗಿ ಮಾಡಿದರೆ ಹಾಳೆ ಗಾಜಿನಂತೆ ಮುರಿಯಿತು. ಸಡಿಲ ಮಾಡಿದರೆ ವಾರದಲ್ಲಿ ಬೂಷ್ಟು ಹಿಡಿಯಿತು. ಗಾಯದಿಂದ ಒಸರುವ ನೀರೂ ಉಪ್ಪೇ. ಅಲ್ಲಿ ಮಾತ್ರ ಅವರಿಗೆ ತೊಂದರೆಯಾಗಲಿಲ್ಲ. ಹೆಮ್ಮಿಗೆಯ ಬೋರು ಮೊದಲೇ ಪಾಠ ಕಲಿಸಿಯಾಗಿತ್ತು.

ಮೊದಲ ಹಾಳೆಗಳನ್ನು ಅವರು ತಮ್ಮ ತೋಳಿನ ಮೇಲೇ, ಗಾಯವಿಲ್ಲದ ಚರ್ಮಕ್ಕೆ ಕಟ್ಟಿಕೊಂಡು ನೋಡಿದರು. ಕುಪ್ಪಸದ ತೋಳಿನ ಕೆಳಗೆ ಪಟ್ಟಿ ಇಣುಕುತ್ತಿತ್ತು. ಒಂದು ಸಲ ಚರ್ಮ ಕೆಂಪಾಗಿ ದದ್ದು ಎದ್ದಿತು. ಆ ವರ್ಷದ ಕೆಲಸವನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದರು. ಆಮೇಲೆ ಮೈಸೂರಿನಲ್ಲಿ ಬೇರೆಯವರು ಸಮಿತಿಯ ಒಪ್ಪಿಗೆ ಪಡೆದು ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಇಲಿಗಳ ಮಾತು ಬಂದಾಗ ಮೇಡಂ ಮುಖ ಸಣ್ಣದಾಗುತ್ತಿತ್ತು. ‘ಅವನ್ನ ಯಾರೂ ಕೇಳ್ನಿಲ್ಲ’ ಎನ್ನುತ್ತಿದ್ದರು.

ಮನುಷ್ಯರನ್ನು ಕೇಳಬೇಕಾದ ದಿನ ಬಂದಾಗ ಅವರು ನನ್ನ ಹತ್ತಿರ ಬಂದರು. ರೋಗಿಗಳಿಗೆ ವಿಷಯವನ್ನು ಹೇಗೆ ಹೇಳುವುದು, ಕನ್ನಡದಲ್ಲಿ ನಾಲ್ಕು ಮಾತು ಜೋಡಿಸಿ ಕೊಡಿ ಎಂದರು. ನಾನು ಹೆಮ್ಮೆಯಿಂದ ಕುಳಿತು ‘ಜೈವಿಕವಾಗಿ ವಿಘಟನೆ ಹೊಂದಬಲ್ಲ ಜಲಧಾರಕ ಸಂಯುಕ್ತ ಪದಾರ್ಥ’ ಎಂದು ಆರಂಭಿಸಿದೆ. ಅವರು ಅದನ್ನು ಗಟ್ಟಿಯಾಗಿ ಓದಿದರು. ‘ನಮ್ಮವ್ವ ಇದನ್ನ ಕೇಳಿದ್ರೆ ಕೈಮುಗುದು ತೀರ್ಥ ಕೊಡಿ ಅಂತಾಳೆ’ ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ನಾನು ಮತ್ತೆ ಬರೆದೆ, ಅವರು ಮತ್ತೆ ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಇಷ್ಟು: ‘ಬೇಡ ಅನ್ನಬಹುದು. ಬೇಡ ಅಂದರೆ ಯಾರಿಗೂ ಬೇಜಾರಿಲ್ಲ, ಈಗಿನ ಚಿಕಿತ್ಸೆಯೇ ನಡೆಯುತ್ತದೆ. ಇದು ಹುಣಸೆಬೀಜದ ಅಂಟು, ಬಾಳೆಯ ನಾರು ಸೇರಿಸಿ ಮಾಡಿದ ಹೊಸ ಪಟ್ಟಿ. ಒಳ್ಳೆಯದಾಗಬಹುದು, ಆಗದೆಯೂ ಇರಬಹುದು.’ ಬೇಡ ಎನ್ನಬಹುದೆಂಬ ಮಾತು ಮೊದಲು ಬರಬೇಕು ಎಂಬುದು ಅವರದೇ ಪಟ್ಟು. ಕಾವ್ಯ ಓದಿಸುತ್ತ ಬಂದವನು ನಾನು. ಮಾತಿಗೆ ಎಷ್ಟು ಜವಾಬ್ದಾರಿಯಿದೆ ಎಂಬುದು ಆ ನಾಲ್ಕು ಸಾಲಿನಲ್ಲಿ ಮೊದಲ ಸಲ ನನ್ನ ಮೈಗೆ ತಾಗಿತು.

ಮೈಸೂರಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಮೊದಲು ಕೇಳಿದ ಮುದುಕರು ಬೇಡವೆಂದರು. ಮೇಡಂ ‘ಸರಿ ಬುಡಿ’ ಎಂದು ಅವರ ಹಾಸಿಗೆಯ ಮೇಲೇ ಕುಳಿತು ಮಳೆಬೆಳೆಯ ಮಾತಾಡಿ ಬಂದರು. ಎರಡನೆಯವರು ನರಸೀಪುರದ ಕಡೆಯ ಹೆಂಗಸು, ಆಲೆಮನೆಯಲ್ಲಿ ಕೆಲಸ. ಕುದಿಯುವ ಬೆಲ್ಲದ ಪಾಕ ಸಿಡಿದು ಮುಂಗೈಯೆಲ್ಲ ಬೆಂದಿತ್ತು. ಪಾಕ ಬಿಸಿನೀರಿನಂತಲ್ಲ, ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ಆಕೆ ನಮ್ಮ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿ, ಯೋಚಿಸಿ, ಹಾಕಿ ಎಂದರು. ಡಾಕ್ಟರು ಹಾಳೆಯನ್ನು ಹಾಸಿದರು. ಅದು ಗಾಜಿನ ಹಾಗೆ ತಿಳಿಯಾಗಿತ್ತು. ಬಿಚ್ಚದೆಯೇ ಕೆಳಗಿನ ಗಾಯ ಕಾಣುತ್ತಿತ್ತು. ಮುಟ್ಟಿದ ಕೂಡಲೆ ತಂಪಾಯಿತೆಂದು ಆಕೆ ಕಣ್ಣು ಮುಚ್ಚಿಕೊಂಡರು.

ಅದನ್ನು ತೆಗೆಯುವ ದಿನ ಮೇಡಂ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಬ್ಬರೇ ಹೋಗಲು ಧೈರ್ಯವಾಗಲಿಲ್ಲವೆಂದು ಬಸ್ಸಿನಲ್ಲಿ ಹೇಳಿದರು. ನಾವು ವಾರ್ಡಿನ ಗೋಡೆಗೆ ಒತ್ತಿಕೊಂಡು ನಿಂತೆವು. ಆ ಹೆಂಗಸಿಗೆ ಹಳೆಯ ಬಟ್ಟೆ ಬಿಚ್ಚಿದ ನೆನಪಿತ್ತು. ಸೆರಗಿನ ತುದಿಯನ್ನು ಹಲ್ಲಿಗೆ ಕಚ್ಚಿಕೊಂಡು, ಮುಖ ಗೋಡೆಗೆ ತಿರುಗಿಸಿ, ಕೈಯನ್ನು ಮಾತ್ರ ಇತ್ತ ಚಾಚಿದರು. ನರ್ಸು ಹಾಳೆಯ ಒಂದು ಮೂಲೆಯನ್ನು ಹಿಡಿದು ಎತ್ತಿದಳು. ಅದು ನೀರಿನ ಮೇಲಿಂದ ಎಲೆ ತೆಗೆದಂತೆ ಎದ್ದು ಬಂತು. ಕೆಳಗೆ ಹಸಿಯಾದ, ತಿಳಿಗೆಂಪಿನ ಹೊಸ ಚರ್ಮ. ಒಂದು ಚುಕ್ಕೆ ರಕ್ತವಿಲ್ಲ. ಹಾಳೆಯನ್ನು ತಟ್ಟೆಯಲ್ಲಿಟ್ಟು ನರ್ಸು ಸುಮ್ಮನೆ ನಿಂತಳು. ಆ ಹೆಂಗಸು ಗೋಡೆಯ ಕಡೆಗೇ ಮುಖ ಮಾಡಿಕೊಂಡಿದ್ದರು. ಸ್ವಲ್ಪ ಹೊತ್ತು ಕಾದು, ಸೆರಗನ್ನು ಬಾಯಿಂದ ಬಿಟ್ಟು ಕೇಳಿದರು:

‘ಯಾವಾಗ ತಗೀತೀರವ್ವಾ?’

‘ತೆಗೆದಾಯ್ತಮ್ಮ’ ಎಂದರು ಡಾಕ್ಟರು.

ಆಕೆ ನಿಧಾನವಾಗಿ ಇತ್ತ ತಿರುಗಿದರು. ತಮ್ಮ ಕೈಯನ್ನು ಕಣ್ಣ ಹತ್ತಿರ ತಂದುಕೊಂಡು, ಅದು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ದೇವಸ್ಥಾನದಲ್ಲಾಗಲಿ ಕಾವ್ಯದಲ್ಲಾಗಲಿ ನನಗೆ ಅಂಥ ಅನುಭವ ಆಗಿರಲಿಲ್ಲ. ಪಕ್ಕಕ್ಕೆ ನೋಡಿದರೆ ಮೇಡಂ ಇಲ್ಲ. ಹೊರಗಿನ ವರಾಂಡದಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದರು.

‘ನೋಯ್ನಿಲ್ಲ ಮೇಷ್ಟ್ರೇ ಆಯಮ್ಮಂಗೆ’ ಎಂದರು. ಮತ್ತೆ ಅಂದರು, ‘ನೋಯ್ನಿಲ್ಲ.’

ಎಲ್ಲರಿಗೂ ಹಾಗಾಗಲಿಲ್ಲ. ಒಬ್ಬರ ಗಾಯ ಕೀವಾಯಿತು, ಹಾಳೆ ತೆಗೆದು ಹಳೆಯ ಚಿಕಿತ್ಸೆಗೆ ಮರಳಬೇಕಾಯಿತು. ಎಲ್ಲಿ ಭಾಷಣ ಮಾಡಿದರೂ ಮೇಡಂ ಆ ರೋಗಿಯ ವಿಷಯ ಹೇಳಿಯೇ ಉಳಿದವರ ಮಾತಿಗೆ ಬರುತ್ತಿದ್ದರು. ಮಾಡಿಟ್ಟ ಹಾಳೆ ನಮ್ಮ ಬೇಸಿಗೆಯ ಸೆಕೆಗೆ ಹೆಚ್ಚು ತಿಂಗಳು ಕೆಡದೆ ಉಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಹೊರಗಿನ ಕಂಪನಿಗಳ ಇಂಥವೇ ಪಟ್ಟಿಗಳು ಮೈಸೂರಿನ ಔಷಧದಂಗಡಿಗೆ ಬಂದವು. ಅವರ ಪಟ್ಟಿ ಅಂಗಡಿಗೆ ಬರಲೇ ಇಲ್ಲ. ಬೇಸರವಿಲ್ಲವೇ ಎಂದು ನಾನು ಕೇಳಿದೆ. ‘ಅಂಟದೇ ಇರೋ ಪಟ್ಟಿ ಬಂತಲ್ಲ ಮೇಷ್ಟ್ರೇ. ನಂದೇ ಆಗ್ಬೇಕಾ?’ ಎಂದರು. ಅವರ ಶಿಷ್ಯೆಯೊಬ್ಬಳು ಅದೇ ಬಲೆಯಲ್ಲಿ ಔಷಧವನ್ನು ಕೂರಿಸಿ ಸ್ವಲ್ಪಸ್ವಲ್ಪವೇ ಹೊರಗೆ ಬಿಡುವಂತೆ ಮಾಡಲು ಹೊರಟಳು. ಇನ್ನೊಬ್ಬ ಗೊಬ್ಬರವನ್ನು ಕೂರಿಸಿದ. ಇಬ್ಬರೂ ಅವರಿಗೆ ವಾರವಾರ ಫೋನು ಮಾಡಿ ಬೈಸಿಕೊಳ್ಳುತ್ತಿದ್ದರು.

ನನ್ನ ಮಗಳ ಕೈಮೇಲೆ ಕಲೆ ಈಗಲೂ ಇದೆ. ಅದನ್ನು ನೋಡಿದಾಗ, ಅಂದು ನಾನು ಅಷ್ಟು ಬೇಡಿದರೂ ಅವರು ಕೊಡಲಿಲ್ಲವಲ್ಲ ಎಂಬುದು ನೆನಪಾಗುತ್ತದೆ. ಕೊಟ್ಟಿದ್ದರೆ ನನ್ನ ಕಣ್ಣಿಗೆ ದೊಡ್ಡವರಾಗುತ್ತಿದ್ದರು. ಕೊಡದೆ ಅದಕ್ಕಿಂತ ದೊಡ್ಡವರಾದರು.

ಮೇಡಂ ನಿವೃತ್ತರಾದ ಮೇಲಿನ ಬೇಸಿಗೆಯೊಂದರಲ್ಲಿ ಅವರ ನರಸೀಪುರದ ಮನೆಗೆ ಹೋಗಿದ್ದೆ. ಸೆಕೆಗೆಂದು ನಿಂಬೆ ಪಾನಕ ಮಾಡಿ, ಕಾಮಕಸ್ತೂರಿ ಬೀಜ ಹಾಕಿ ತಂದುಕೊಟ್ಟರು. ತುಟಿಗೆ ಇಡಬೇಕೆನ್ನುವಷ್ಟರಲ್ಲಿ ‘ತಡೀರಿ ತಡೀರಿ’ ಎಂದು ಲೋಟ ಕಿತ್ತುಕೊಂಡರು. ಕಿಟಕಿಯ ಹತ್ತಿರ ಹಳೆಯ ಸೂಕ್ಷ್ಮದರ್ಶಕವೊಂದಿತ್ತು. ಒಂದು ಒಣ ಬೀಜವನ್ನು ಗಾಜಿನ ಮೇಲಿಟ್ಟು, ಬಣ್ಣ ಬೆರೆಸಿದ ನೀರಿನ ಹನಿ ಬಿಟ್ಟು, ನೋಡಿ ಎಂದರು.

ಕಪ್ಪು ಬೀಜದ ಮೈಯಿಂದ ಸಾವಿರಾರು ಸಣ್ಣ ಕಂಬಗಳು ಒಮ್ಮೆಗೇ ಹೊರಗೆ ನುಗ್ಗಿ ಬರುತ್ತಿದ್ದವು. ಸೂರ್ಯನ ಸುತ್ತ ಕಿರಣ ಬರೆದಂತೆ. ಕಂಬಗಳ ಸುತ್ತ ತಿಳಿಯಾದ ಲೋಳೆ ಉಬ್ಬುತ್ತ ಹೋಯಿತು. ನಾನು ನೋಡುತ್ತಿರುವಂತೆಯೇ ಬೀಜ ತನ್ನ ಸುತ್ತ ನೀರಿನ ಮನೆ ಕಟ್ಟಿಕೊಂಡು ನಡುವೆ ಕುಳಿತುಬಿಟ್ಟಿತು.

‘ಆ ಕಂಬದೊಳಗೆ ನಾರದೆ ಮೇಷ್ಟ್ರೇ. ಸುತ್ತ ಅಂಟು. ನಾನು ಬಾಳೆದಿಂಡು ಹೊತ್ತು, ಕುಟ್ಟಿ, ತೊಳ್ದು, ಬೆರ್ಸಿ, ಬೇಯ್ಸಿ ಎಷ್ಟ್ ವರ್ಷ ಕಳ್ದೆ. ಇದು ಕಾಫಿ ಆರೋದ್ರೊಳಗೆ ಮಾಡ್ಬುಡ್ತದೆ. ಚಿಕ್ಕೋಳಿದ್ದಾಗಿಂದ ಕುಡೀತಿವ್ನಿ ಈ ಪಾನಕವ, ಒಂದಿನಾನೂ ನೋಡ್ನಿಲ್ಲ.’

ಇದನ್ನು ಮೊದಲೇ ನೋಡಿದ್ದರೆ ಅಷ್ಟು ಕಷ್ಟ ಉಳಿಯುತ್ತಿತ್ತಲ್ಲ ಎಂದು ನಾನು ಅಂದೆ. ಅವರಿಗೆ ಅದು ಕೇಳಿಸಿತೋ ಇಲ್ಲವೋ. ಮತ್ತೆ ಕಣ್ಣು ಹಚ್ಚಿ ಬಗ್ಗಿದ್ದರು. 

‘ಇದಕ್ಕೆ ಯಾರು ಹೇಳ್ಕೊಟ್ರು?’ ಎಂದರು. ನನ್ನನ್ನು ಕೇಳಿದ್ದಲ್ಲ. ಮತ್ತೆ ಒಂದು ಬೀಜ, ಮತ್ತೆ ಒಂದು ಹನಿ. ಅರವತ್ತು ದಾಟಿದ ಆ ಹೆಂಗಸು ಪ್ರತಿ ಸಲವೂ ‘ಓ’ ಎನ್ನುತ್ತಿದ್ದರು, ಬಹಳ ಮೆಲ್ಲಗೆ. ನನ್ನ ಪಾನಕದ ನೆನಪು ಇಬ್ಬರಿಗೂ ಇರಲಿಲ್ಲ.

ಅದೇ ವರ್ಷ ಮಳೆಗಾಲ ಶುರುವಾದ ಮೇಲೆ ಅವರ ತಮ್ಮ ಕಾಲೇಜಿಗೆ ಫೋನು ಮಾಡಿದರು. ಸಂತೆಯಿಂದ ಬರುವಾಗ ಎದೆ ಹಿಡಿದುಕೊಂಡು ಕುಳಿತವರು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು. ಕಪಿಲೆ ಕಾವೇರಿಯನ್ನು ಸೇರುವಲ್ಲಿ, ಹೊಳೆ ತುಂಬಿದ್ದರಿಂದ ದಡದ ಮೇಲ್ಭಾಗದಲ್ಲಿ ಸಂಸ್ಕಾರವಾಯಿತು. ಮಗಳು ನನ್ನ ಜೊತೆ ಬಂದಿದ್ದಳು.

ಮರುದಿನ ನನಗೆ ಮೊದಲ ಪೀರಿಯಡ್ ಇತ್ತು. ಪುಸ್ತಕ ತೆರೆದೆ, ಪದ್ಯದ ಸಾಲು ಕಣ್ಣಿಗೆ ಹಿಡಿಯಲಿಲ್ಲ. ಮುಚ್ಚಿಟ್ಟು ಕೆಮಿಸ್ಟ್ರಿ ಲ್ಯಾಬಿನಿಂದ ಒಂದು ಗಾಜಿನ ಪಾತ್ರೆ ತರಿಸಿದೆ. ಎದುರಿನ ಅಂಗಡಿಯಿಂದ ಕಾಮಕಸ್ತೂರಿ ಬೀಜ ತರಿಸಿದೆ. ವಿದ್ಯಾರ್ಥಿಗಳನ್ನು ಮೇಜಿನ ಸುತ್ತ ಕರೆದು, ನೀರಿಗೆ ಬೀಜ ಸುರಿದು, ನೋಡಿ ಎಂದೆ. ಏನು ನೋಡಬೇಕು ಸರ್ ಎಂದು ಹಿಂದಿನಿಂದ ಯಾರೋ ಕೇಳಿದರು. ಸುಮ್ಮನೆ ನೋಡಿ ಎಂದೆ. ಒಂದೊಂದು ಕಪ್ಪು ಚುಕ್ಕೆಯ ಸುತ್ತಲೂ ತೆಳ್ಳಗೆ ಬಿಳುಪು ಮೂಡಿತು, ಅಗಲವಾಯಿತು. ಹಿಂದಿದ್ದವರು ಮುಂದಿದ್ದವರ ಹೆಗಲ ಮೇಲೆ ಕೈಯಿಟ್ಟು ಬಗ್ಗಿದರು. ಕನ್ನಡದ ಪೀರಿಯಡ್ಡಿನಲ್ಲಿ ಅಷ್ಟು ಹೊತ್ತು ಯಾರೊಬ್ಬರೂ ಮಾತಾಡದೆ ನಿಂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.